ನಾಲ್ಕು ಅಡಿ ಅಗಲದ ಬಚ್ಚಲಿನಲ್ಲಿ ಅವ್ವನಿಗೆ ಕಮೋಡ್ ಎಲ್ಲಿ ಇಡಿಸಲಿ?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ)

ನಮಸ್ಕಾರ. ನಮ್ಮದು ಹಳೆಯ ಮನೆ, ನೆಲಮಹಡಿ. ಅವ್ವನಿಗೆ 74 ವರ್ಷ, ಎರಡೂ ಮೊಣಕಾಲು ಸವೆದಿವೆ. ಬಚ್ಚಲು ಏಳೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ. ಬಾಗಿಲು ಗಿಡ್ಡ ಗೋಡೆಯಲ್ಲಿದ್ದು ಒಳಕ್ಕೆ ತೆರೆಯುತ್ತದೆ. ಬಾಗಿಲ ಬಳಿ ಹಂಡೆ ಒಲೆಯ ಕಟ್ಟೆ, ನಂತರ ಸ್ನಾನದ ಜಾಗ, ಕೊನೆಯಲ್ಲಿ ಎಂಟು ಇಂಚು ಎತ್ತರದ ಮೆಟ್ಟಿಲ ಮೇಲೆ ಕುಕ್ಕರಗಾಲಿನ ಸಂಡಾಸು. ರಾತ್ರಿ ಎದ್ದರೆ ಅವ್ವ ಒದ್ದೆ ನೆಲ ದಾಟಿ ಮೆಟ್ಟಿಲು ಹತ್ತಬೇಕು. ಹೋದ ತಿಂಗಳು ಅಲ್ಲಿಯೇ ಜಾರಿದಳು. ಮಣಿಕಟ್ಟಿನ ಬಾವು ಇಳಿಯಲು ಹದಿನೈದು ದಿನ ಬೇಕಾಯಿತು. ಅಂದಿನಿಂದ ಬಚ್ಚಲಿನ ಬಾಗಿಲು ಕಿರುಗುಟ್ಟಿದರೆ ನನಗೆ ಎಚ್ಚರವಾಗುತ್ತದೆ.

ಒಲೆಯ ಕಟ್ಟೆ ಒಡೆಸಿ, ಕಮೋಡನ್ನು ಬಾಗಿಲ ಹತ್ತಿರ ಉದ್ದ ಗೋಡೆಗೆ ಆನಿಸಿ ಇಡೋಣ ಎಂದು ಗೌಂಡಿ ಹೇಳುತ್ತಾನೆ. ನಾನು ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ಬಚ್ಚಲಿನ ಅಳತೆಯನ್ನೇ ಬರೆದೆ. ಕಮೋಡ್ ಇರುವಲ್ಲಿ ಕುರ್ಚಿ ಇಟ್ಟು ಅವ್ವನನ್ನು ಕೂರಿಸಿದೆ. ಅವಳಿಗೆ ಮೊಣಕಾಲು ಪೂರ್ತಿ ಮಡಚಲು ಆಗುವುದಿಲ್ಲವಲ್ಲ, ಕಾಲು ಚಾಚಿದಳು. ಹಿಮ್ಮಡಿ ಎದುರಿನ ಗೆರೆಗೆ ತಾಗಿತು. ಅಂದರೆ ಗೋಡೆಗೆ ತಾಗಿದಂತೆಯೇ.

ಕಮೋಡ್ ಹಳೆಯ ಜಾಗದಲ್ಲಿಯೇ ಇದ್ದರೆ ಒದ್ದೆ ನೆಲದ ಭಯ, ಈಚೆ ತಂದರೆ ಕಾಲಿಗೆ ಜಾಗವಿಲ್ಲ. ತಮ್ಮನಿಗೆ ಗಾಜಿನ ಅಡ್ಡಗೋಡೆಯೂ ವಾಷ್ ಬೇಸಿನ್ನೂ ಬೇಕು. ನನಗೆ ಬೇಕಾದದ್ದು ಒಂದೇ, ಅವ್ವ ಯಾರನ್ನೂ ಕರೆಯದೆ ಹೋಗಿ ಬರಬೇಕು. ನೆಲದ ಶಹಾಬಾದ್ ಕಲ್ಲು ಅಪ್ಪ ಹಾಕಿಸಿದ್ದು. ಅದನ್ನು ಉಳಿಸಿಕೊಳ್ಳಬಹುದೇ?

ಉತ್ತರ 1 (ಬೀದರ್)

ಅಕ್ಕಾ, ಕಮೋಡನ್ನು ಸರಿಸುವ ಬದಲು ಬಾಗಿಲನ್ನೇ ಸರಿಸಿ. ನಮ್ಮ ಮಾವನವರಿಗಾಗಿ ನಾವು ಮಾಡಿದ್ದು ಅದನ್ನೇ. ಉದ್ದ ಗೋಡೆಯ ಆಚೆ ಓಡಾಡುವ ಜಾಗವಿದ್ದರೆ ನಡುವೆ 30 ಇಂಚಿನ ಬಾಗಿಲು ಇಡಿಸಿ, ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ಅಡ್ಡವಾಗುತ್ತದೆ. ನಿಮ್ಮ 90 ಇಂಚಿನಲ್ಲಿ ಕೊನೆಯ ಗೋಡೆಗೆ ಆನಿಸಿದ ಕಮೋಡಿಗೆ 28, ಬಾಗಿಲ ಎದುರು ಒಣ ಜಾಗಕ್ಕೆ 30, ಈಚೆ ಸ್ನಾನಕ್ಕೆ 32. ಕಾಲು ಚಾಚಲು ಒಣ ಜಾಗವೆಲ್ಲ ಸಿಗುತ್ತದೆ.

ಕಮೋಡಿನ ನಡುಗೆರೆ ಪಕ್ಕದ ಗೋಡೆಯಿಂದ 18 ಇಂಚು ಇದ್ದರೆ ಗೋಡೆಯ ಹಿಡಿಕೆ ಕೈಗೆ ಸಿಗುತ್ತದೆ. ಆಸನ 17ರಿಂದ 18 ಇಂಚು ಎತ್ತರವಿರಲಿ. ಟವೆಲ್ ಸರಳನ್ನೇ ಹಿಡಿಕೆ ಎಂದು ನಂಬಬೇಡಿ, ಅದು ಮೈಭಾರ ತಡೆಯುವುದಿಲ್ಲ. ಬೇಸಿನ್ ಹೊರಗೇ ಇರಲಿ. ಗಾಜು ಬೇಡವೇ ಬೇಡ. ನಮ್ಮ ಗಡಸು ನೀರಿಗೆ ಎರಡೇ ತಿಂಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ.

ಉತ್ತರ 2 (ಶಹಾಬಾದ್, ಗೌಂಡಿ ಕೆಲಸ)

ತಾಯಿ, ಮೊದಲು ಆ ಗೋಡೆ ಭಾರ ಹೊತ್ತದ್ದೋ ಅಲ್ಲವೋ ನೋಡಿಸಿ. ಹೊತ್ತಿದ್ದರೆ ಮೇಲೆ ಲಿಂಟಲ್ (ಬಾಗಿಲ ಮೇಲಿನ ಭಾರ ಹೊರುವ ಅಡ್ಡತೊಲೆ) ಕೂರಿಸದೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು.

ಸ್ನಾನದ ನೀರು ಆಚೆ ತುದಿಯ ಚೇಂಬರಿಗೆ (ಕೊಳಚೆ ಪೈಪು ಸೇರುವ ಗುಂಡಿಗೆ) ಹೋಗಬೇಕಲ್ಲ, ಅದಕ್ಕಾಗಿ ನೆಲ ಎತ್ತಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಲದಡಿಯ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಕೊಟ್ಟರೂ ಏಳೂವರೆ ಅಡಿಗೆ ಎರಡು ಇಂಚು ಸಾಕು. ನೆಲಮಹಡಿ ಎಂದಿದ್ದೀರಿ, ಕೆಳಗೆ ಅಗೆಯಬಹುದು. ಚೇಂಬರಿನ ಆಳ ಅಳೆದು ನಿರ್ಧರಿಸಿ. ಆದರೆ ಅಗೆದ ಎರೆ ಮಣ್ಣನ್ನೇ ಮತ್ತೆ ತುಂಬಿಸಬೇಡಿ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪೈಪಿನ ಜೋಡಣೆ ಬಿಡುತ್ತದೆ. ಮುರುಮು (ಗರಸು ಮಣ್ಣು) ತುಂಬಿ, ನೀರು ಹೊಡೆದು, ಬಡಿದು ದಮ್ಮಸು ಮಾಡಿಸಿ.

ನಹಾನಿ ಟ್ರ್ಯಾಪ್ (ನೆಲದ ನೀರು ಇಳಿದುಹೋಗುವ ಜಾಲರಿ ಕಿಂಡಿ) ಸ್ನಾನದ ಮೂಲೆಯಲ್ಲಿ ಬರಲಿ. ಸ್ನಾನದ ಜಾಗದಲ್ಲಿ ಅರ್ಧ ಇಂಚು ಇಳಿಜಾರು ಸಾಕು, ಮಧ್ಯೆ ಹೊಸ್ತಿಲಂಥ ಕಟ್ಟೆ ಬೇಡ, ಮುಪ್ಪಿನವರ ಕಾಲಿಗೆ ತಾಗುತ್ತದೆ. ವಾಟರ್‌ಪ್ರೂಫಿಂಗ್ ಆದಮೇಲೆ ಟ್ರ್ಯಾಪ್ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಫರಸಿ ಕಲ್ಲು ಕೂರಿಸಿ.

ಹಳೆಯ ಕಲ್ಲು ಖಂಡಿತ ಉಳಿಸಿ. ಪಾಲಿಶ್ ಮಾಡದ ಶಹಾಬಾದ್ ಕಲ್ಲು ಟೈಲ್ಸ್‌ನಷ್ಟು ಜಾರುವುದಿಲ್ಲ. ಆ್ಯಸಿಡ್ ಮಾತ್ರ ಹಾಕಬೇಡಿ. ಅದು ಸುಣ್ಣದ ಕಲ್ಲು, ಬುರುಬುರು ನೊರೆ ಬಂದು ಮೈ ತಿಂದುಹೋಗುತ್ತದೆ.

ಪ್ರಶ್ನೆ ಕೇಳಿದವರು

ಅಣ್ಣಾ, ಆ ತಪ್ಪು ಆಗಿಹೋಗಿದೆ. ನಲ್ಲಿಯ ಕೆಳಗಿನ ಕಲ್ಲಿನ ಬಿಳಿ ಕಲೆ ಹೋಗಲೆಂದು ನಾನೇ ಆ್ಯಸಿಡ್ ಸುರಿದಿದ್ದೆ. ಈಗ ಮುಟ್ಟಿದರೆ ಉಪ್ಪಿನ ಹರಳಿನಂತೆ ಒರಟು. ಅದರ ಪಕ್ಕದ ಕಲ್ಲು, ಅಪ್ಪ ನಿಂತು ಸ್ನಾನ ಮಾಡುತ್ತಿದ್ದದ್ದು, ಅಂಗೈಯಷ್ಟು ಅಗಲ ನುಣುಪಾಗಿ ತಗ್ಗಾಗಿದೆ, ನೀರು ಸ್ವಲ್ಪ ಹೊತ್ತು ಅಲ್ಲಿ ನಿಲ್ಲುತ್ತದೆ. ಅದನ್ನು ಸ್ನಾನದ ಕಡೆಯಿಂದ ತೆಗೆಸಿ ಬಾಗಿಲ ಹೊರಗೆ ಕೂರಿಸುತ್ತೇನೆ.

ಉದ್ದ ಗೋಡೆಯ ಆಚೆ ಹಿತ್ತಲಿಗೆ ಹೋಗುವ ದಾರಿ ಇದೆ. ಇವತ್ತು ಅಂಗಳದ ಗೆರೆ ಅಳಿಸಿ ಹೊಸ ಬಾಗಿಲು ಬರೆದೆ. ಅವ್ವ ನಡೆದು ಬಂದಳು, ಕೂತಳು, ಕಾಲು ಚಾಚಿದಳು, ಎದ್ದಳು. ಹಿಡಿಕೆಗೆ ಕೈ ಎಲ್ಲಿ ಚಾಚುತ್ತಾಳೆಂದು ಗುರುತು ಮಾಡಿಕೊಂಡಿದ್ದೇನೆ. ಗೀಸರ್ ಎಲ್ಲಿ ತೂಗಿಸಲಿ?

ಉತ್ತರ 1 (ಬೀದರ್)

ಸ್ನಾನದ ಕಡೆ, ನೀರು ಸಿಡಿಯದಷ್ಟು ಮೇಲೆ. ಸ್ವಿಚ್ ಹೊರಗಿನ ಗೋಡೆಯಲ್ಲಿ ಇರಲಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನು (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ತಪ್ಪದೆ ಹಾಕಿಸಿ. ಅವ್ವನ ತಲೆಯ ಮೇಲೆ ಬೇಡ ಅಕ್ಕಾ.