ಗಡುವು ಮೀರಿ ಉಳಿದವರಿಗೂ ಗಡಿ ದಾಟಿ ಬಂದವರಿಗೂ ಒಂದೇ ಪದವೇ?

ಗೆಳೆಯರೇ,

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ವಿಷಯ: ಕಾಗದಪತ್ರ ಸರಿಯಿಲ್ಲದವರು ಮದುವೆಯ ಮೂಲಕ ಗ್ರೀನ್ ಕಾರ್ಡ್ ಪಡೆಯುವುದು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಇವರನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಪೇಪರುಗಳಲ್ಲಿ ಬರುವುದು ‘ಅಕ್ರಮ ವಲಸಿಗ’. ಸಿಟ್ಟು ಜಾಸ್ತಿಯಾದರೆ ‘ನುಸುಳುಕೋರ’. ಸ್ವಲ್ಪ ಮರ್ಯಾದೆಯಿಂದ ಹೇಳುವವರು ‘ದಾಖಲೆರಹಿತ’ ಅನ್ನುತ್ತಾರೆ. ನನ್ನ ತಕರಾರು ಏನೆಂದರೆ, ಮೂರೂ ಪದಗಳು ಇಬ್ಬರು ಬೇರೆ ಬೇರೆ ಜನರನ್ನು ಒಂದೇ ಚೀಲಕ್ಕೆ ತುಂಬುತ್ತವೆ. ಮದುವೆಯ ವಿಷಯ ಬಂದಾಗಲಂತೂ ಇಲ್ಲಿನ ಕಾನೂನು ಅವರಿಬ್ಬರನ್ನು ಬೇರೆಯಾಗಿಯೇ ನೋಡುತ್ತದೆ.

ಒಬ್ಬ ವೀಸಾ ಪಡೆದು, ವಿಮಾನ ನಿಲ್ದಾಣದಲ್ಲಿ ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸಿ ಒಳಗೆ ಬಂದವನು. ಗಡುವು ಮುಗಿದರೂ ವಾಪಸ್ ಹೋಗಲಿಲ್ಲ, ಅಷ್ಟೇ. ಇವನು ಅಮೆರಿಕದ ಪ್ರಜೆಯನ್ನು ಮದುವೆಯಾದರೆ, ಅದು ನಿಜವಾದ ಮದುವೆಯಾಗಿದ್ದರೆ, ಸಾಮಾನ್ಯವಾಗಿ ದೇಶ ಬಿಡದೆ ಇಲ್ಲೇ ಅರ್ಜಿ ಹಾಕಬಹುದು. ಗಡುವು ಮೀರಿದ್ದು ಅಡ್ಡ ಬರುವುದಿಲ್ಲ. ಮದುವೆಯಾದದ್ದು ಪ್ರಜೆಯನ್ನಲ್ಲ, ಗ್ರೀನ್ ಕಾರ್ಡ್ ಇರುವವರನ್ನು ಅಂದರೆ ಈ ರಿಯಾಯಿತಿ ಇಲ್ಲ.

ಇನ್ನೊಬ್ಬ ಮೆಕ್ಸಿಕೋ ಕಡೆಯಿಂದಲೋ ಕೆನಡಾ ಕಡೆಯಿಂದಲೋ ಯಾರ ಕಣ್ಣಿಗೂ ಬೀಳದೆ ಗಡಿ ದಾಟಿದವನು. ಇವನ ಮದುವೆ ಎಷ್ಟೇ ನಿಜವಾಗಿರಲಿ, ಸಾಮಾನ್ಯವಾಗಿ ಇಲ್ಲೇ ಕೂತು ಗ್ರೀನ್ ಕಾರ್ಡ್ ಪಡೆಯುವಂತಿಲ್ಲ. ಊರಿಗೆ ಹೋಗಿ ಕಾನ್ಸುಲೇಟ್ ಮೂಲಕ ಬರಬೇಕು. ಹೊರಗೆ ಕಾಲಿಟ್ಟನೋ, 1996ರ ವಲಸೆ ಕಾಯ್ದೆ ಹಿಡಿಯುತ್ತದೆ. 180 ದಿನಕ್ಕಿಂತ ಜಾಸ್ತಿ ಹಾಗೆ ಇದ್ದಿದ್ದರೆ 3 ವರ್ಷ, ಒಂದು ವರ್ಷ ತುಂಬಿದ್ದರೆ 10 ವರ್ಷ ಮರಳಿ ಬರುವಂತಿಲ್ಲ. 2013ರಿಂದ, ಹೊರಡುವ ಮೊದಲೇ ವಿನಾಯಿತಿ ಕೇಳುವ ದಾರಿಯೊಂದಿದೆ. ಆದರೆ ಅಲ್ಲಿ ತನ್ನ ಕಷ್ಟ ಹೇಳಿಕೊಂಡರೆ ಸಾಲದು. ಪ್ರಜೆಯಾದ ಹೆಂಡತಿಗೆ ವಿಪರೀತ ಕಷ್ಟ ಆಗುತ್ತದೆ ಅಂತ ತೋರಿಸಬೇಕು.

ಈಗ ಪದಗಳಿಗೆ ಬರೋಣ. ‘ನುಸುಳುಕೋರ’ ಮೊದಲನೆಯವನಿಗೆ ಹೊಂದುವುದೇ ಇಲ್ಲ, ಅವನು ನುಸುಳಿಲ್ಲ. ಎರಡನೆಯವನಿಗೂ ಅದು ಬೈಗುಳವೇ. ಲಂಚಕೋರ, ಚಾಡಿಕೋರರ ಸಾಲಿನ ‘ಕೋರ’ ಅದು. ‘ದಾಖಲೆರಹಿತ’ ಇನ್ನೂ ತಮಾಷೆ. ಮೊದಲನೆಯವನ ಹತ್ತಿರ ಪಾಸ್‌ಪೋರ್ಟ್, ಹಳೆಯ ವೀಸಾ, ಐ-94 (ಒಳಗೆ ಬಿಟ್ಟಾಗ ಕೊಡುವ ಪ್ರವೇಶ ದಾಖಲೆ) ಎಲ್ಲಾ ಇರಬಹುದು. ಸರಿಯಾಗಿ ಒಳಗೆ ಬಂದೆ ಅಂತ ತೋರಿಸಲು ಅವನ ಅರ್ಜಿಗೆ ಬೇಕಾಗುವುದೂ ಅವೇ ಅಲ್ವಾ?

‘ವೀಸಾ ಮುಗಿದವರು’ ಅಂತ ಬರೆದುಬಿಡಿ ಅಂದರು ಒಬ್ಬ ಸ್ನೇಹಿತರು. ಅದೂ ಸರಿಯಲ್ಲ. ವೀಸಾದ ಮೇಲಿನ ತಾರೀಖು ಬಾಗಿಲಿಗೆ ಬಂದು ನಿಲ್ಲಲು ಕಡೆಯ ದಿನ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದು ಐ-94ರಲ್ಲಿ ಇರುತ್ತದೆ. ಮೊದಲು ಅದು ಪಾಸ್‌ಪೋರ್ಟಿಗೆ ಪಿನ್ ಹೊಡೆದ ಬಿಳಿ ಚೀಟಿ. 2013ರ ನಂತರ, ವಿಮಾನದಲ್ಲಿ ಬಂದವರು ವೆಬ್‌ಸೈಟಿನಿಂದ ತೆಗೆದುಕೊಳ್ಳಬೇಕು. ವೀಸಾ ಮುಗಿದೂ ಸಕ್ರಮವಾಗಿ ಇರುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸದ್ಯಕ್ಕೆ ‘ಗಡುವು ಮೀರಿ ಉಳಿದವರು’, ‘ತಪಾಸಣೆ ಇಲ್ಲದೆ ಬಂದವರು’ ಅಂತ ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ಓದಿದವನಿಗೆ ತಾನು ಯಾವ ಸಾಲಿನವನು ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತಲೆನೋವು ‘ಪೆರೋಲ್’. ಗಡಿಯಲ್ಲಿ ಪೂರ್ತಿ ಪ್ರವೇಶ ಕೊಡದೆ, ಒಂದು ಕಾರಣಕ್ಕೆ ತಾತ್ಕಾಲಿಕವಾಗಿ ಒಳಗೆ ಬಿಡುವುದಕ್ಕೂ ಇಲ್ಲಿ ಅದೇ ಹೆಸರು. ಹಾಗೆ ಬಂದವರೂ ಪ್ರಜೆಯನ್ನು ಮದುವೆಯಾದರೆ ಸಾಮಾನ್ಯವಾಗಿ ಇಲ್ಲೇ ಅರ್ಜಿ ಹಾಕಬಹುದು, ಹಾಗಾಗಿ ಪದವನ್ನು ಬಿಡುವಂತಿಲ್ಲ. ‘ಪೆರೋಲ್ ಮೇಲೆ ಬಂದ ವರ’ ಅಂತ ಬರೆದರೆ ನಮ್ಮ ಜನ ಯಾವ ಜೈಲಿನಿಂದ ಅಂತ ಕೇಳುತ್ತಾರೆ! ‘ತಾತ್ಕಾಲಿಕ ಒಳಬಿಡುವಿಕೆ’ ಅಂತ ಹಾಕಿ ನೋಡಿದೆ, ಬಾಯಿಗೆ ಹತ್ತುತ್ತಿಲ್ಲ.

‘ಗಡುವು ಮೀರಿ ಉಳಿದವರು’ ಅನ್ನುವುದಕ್ಕೆ ಚಿಕ್ಕ ಪದ ಹುಡುಕುತ್ತಿದ್ದೇನೆ. ಬಾಡಿಗೆಯ ಅಥವಾ ಗೇಣಿಯ ಅವಧಿ ಮುಗಿದರೂ ಜಾಗ ಬಿಡದವರಿಗೆ ನಿಮ್ಮ ಕಡೆ ಒಂದೇ ಪದ ಇದೆಯೇ? ಬೈಗುಳವಲ್ಲದ್ದು ಬೇಕು. ಧಾರವಾಡ, ಕರಾವಳಿ ಕಡೆಯವರು ದಯವಿಟ್ಟು ಹೇಳಿ.