ಡಿಡಿಆರ್4 ರ‍್ಯಾಮ್‌ಗೆ 1.35 ವೋಲ್ಟ್ ಕೊಟ್ಟರೆ ಸುಟ್ಟು ಹೋಗುತ್ತಾ?

ಪ್ರಶ್ನೆ (ಸಿಂಧನೂರು): ಅಣ್ಣಾ ನಮಸ್ಕಾರ. ಡೆಸ್ಕ್‌ಟಾಪ್ ನಾನೇ ಜೋಡಿಸಿದ್ದೇನೆ. ರ‍್ಯಾಮ್ ಡಿಡಿಆರ್4, 8 ಜಿಬಿಯವು ಎರಡು. ಸ್ಟಿಕ್ಕರ್ ಮೇಲೆ 3200 (ಸ್ಪೀಡ್), ಸಿಎಲ್16 (ಉತ್ತರ ಕೊಡಲು ಆಗುವ ತಡ, ಕಡಿಮೆಯಿದ್ದಷ್ಟೂ ಬೇಗ), 1.35 ವೋಲ್ಟ್ ಅಂತ ಇದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) 2133 ತೋರಿಸುತ್ತಿತ್ತು, ಅದಕ್ಕೆ ಸ್ಟಿಕ್ಕರ್ ಮೇಲಿನ ಸ್ಪೀಡ್, ವೋಲ್ಟೇಜ್ ತಾನೇ ಹಾಕುವ ಎಕ್ಸ್‌ಎಂಪಿ ಆನ್ ಮಾಡಿದೆ. ಡಿಡಿಆರ್4ಗೆ 1.2 ವೋಲ್ಟೇ ಸರಿ, ಜಾಸ್ತಿ ಕೊಟ್ಟರೆ ಸುಡುತ್ತೆ ಅಂತ ಗೆಳೆಯ ಹೇಳಿದ್ದಕ್ಕೆ ವೋಲ್ಟೇಜ್ ಒಂದನ್ನೇ 1.2ಕ್ಕೆ ಇಳಿಸಿದೆ. ಈಗ ಗೇಮ್ ನಡುವೆ ಬ್ಲೂ ಸ್ಕ್ರೀನ್ ಬರುತ್ತಿದೆ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಅದಕ್ಕೂ ಭಯ.

ಉತ್ತರ (ಬಳ್ಳಾರಿ, ಕಂಪ್ಯೂಟರ್ ಸರ್ವಿಸ್): ತಮ್ಮಾ, ಮೊದಲು ಆ ವೋಲ್ಟೇಜನ್ನು ವಾಪಸ್ ಆಟೋಗೆ ಹಾಕು, ಎಕ್ಸ್‌ಎಂಪಿ ಆನ್ ಇರಲಿ. ನಿನ್ನ ಗೆಳೆಯ ಹೇಳಿದ 1.2 ಸುಳ್ಳಲ್ಲ, ಅದು ಡಿಡಿಆರ್4ರ ಸ್ಟ್ಯಾಂಡರ್ಡ್. 3200ರಲ್ಲಿ 1.2ಕ್ಕೇ ಓಡುವ ರ‍್ಯಾಮ್ ಕೂಡ ಇವೆ, ಆದರೆ ಅವು ಸಾಮಾನ್ಯವಾಗಿ ಸಿಎಲ್22. ನಿನ್ನದು ಸಿಎಲ್16, ಅಂದರೆ ಅದೇ ಸ್ಪೀಡಿನಲ್ಲಿ ಇನ್ನೂ ಬೇಗ ಉತ್ತರ ಕೊಡಬೇಕು, ಅದಕ್ಕೇ ಕಂಪನಿಯವರು 1.35ರಲ್ಲಿ ಟೆಸ್ಟ್ ಮಾಡಿ ಹಾಗೇ ಸ್ಟಿಕ್ಕರ್ ಅಂಟಿಸಿದ್ದಾರೆ. ಸ್ಪೀಡ್ ಪೂರ್ತಿ ಕೇಳಿ ವೋಲ್ಟೇಜ್ ಕಡಿಮೆ ಕೊಟ್ಟರೆ ಡೇಟಾ ತಪ್ಪಾಗಿ ಓದುತ್ತೆ. ಬ್ಲೂ ಸ್ಕ್ರೀನ್ ಆದರೂ ಕಣ್ಣಿಗೆ ಕಾಣುತ್ತೆ, ಸುಮ್ನೆ ಫೈಲ್ ಕೆಟ್ಟು ಹೋಗೋದು ತಿಂಗಳುಗಟ್ಟಲೆ ಗೊತ್ತೇ ಆಗಲ್ಲ, ನನಗೆ ಅದರದ್ದೇ ಜಾಸ್ತಿ ಚಿಂತೆ.

ಬಯಾಸ್‌ನಲ್ಲಿ 1.34 ಅಥವಾ 1.36 ಕಂಡರೆ ಗಾಬರಿ ಬೇಡ. ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಮೆಮ್‌ಟೆಸ್ಟ್86 ಓಡಿಸು. ಒಂದೇ ಒಂದು ಎರರ್ ಬಂದರೂ ಬಿಡಬೇಡ. ಆಗ ವೋಲ್ಟೇಜ್ ಏರಿಸಬೇಡ, ಸ್ಪೀಡನ್ನು 2933ಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡು.

ಬಿಸಿಲಿಗೆ 1.35 ಏನೂ ಅಲ್ಲ. ಕ್ಯಾಬಿನೆಟ್ ಗೋಡೆಗೆ ಒತ್ತಿ ಇಡಬೇಡ, ಮುಂದಿನ ಜಾಲರಿಯ ಧೂಳು ತೆಗೆಯುತ್ತಿರು.

ಇನ್ನೊಬ್ಬರು (ಗಂಗಾವತಿ): ಸರ್, ನಮ್ಮಲ್ಲಿ ಕರೆಂಟ್ ಏರಿಳಿತ ಜಾಸ್ತಿ. ಅದರಿಂದ ರ‍್ಯಾಮ್ ವೋಲ್ಟೇಜೂ ಏರುತ್ತಾ?

ಉತ್ತರ: ಇಲ್ಲ ಸರ್. ಮನೆಯ 230 ವೋಲ್ಟನ್ನು ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ 12, 5, 3.3 ಮಾಡುತ್ತೆ, ಅದನ್ನು ಮದರ್‌ಬೋರ್ಡ್ ಇನ್ನೂ ಇಳಿಸಿ ರ‍್ಯಾಮ್‌ಗೆ ಕೊಡುತ್ತೆ. ಒಳ್ಳೆ ಎಸ್‌ಎಂಪಿಎಸ್ ಸಣ್ಣಪುಟ್ಟ ಏರಿಳಿತ ತಡೆದುಕೊಳ್ಳುತ್ತೆ. ಆದರೆ ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ, ಅದಕ್ಕೆ ಯುಪಿಎಸ್ ಬೇಕು.

ಪ್ರಶ್ನೆ (ಸಿಂಧನೂರು): ಅಣ್ಣಾ, ಆಟೋಗೆ ಹಾಕಿದೆ, 3200 ಬಂತು. ಅಕಸ್ಮಾತ್ ಮುಂದೆ ಆನೇ ಆಗದಿದ್ದರೆ?

ಉತ್ತರ: ಪ್ಲಗ್ ಕಿತ್ತು, ಬೋರ್ಡ್ ಮೇಲಿನ ರೂಪಾಯಿ ನಾಣ್ಯದಷ್ಟಿರುವ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡು. ಸೆಟ್ಟಿಂಗ್ ಎಲ್ಲ ಮೊದಲಿನಂತಾಗಿ 2133ರಲ್ಲಿ ಆನ್ ಆಗುತ್ತೆ. ಮೆಮ್‌ಟೆಸ್ಟ್ ಮುಗಿದ ಮೇಲೆ ಫೋಟೋ ಹಾಕು, ನೋಡುತ್ತೇನೆ.