ಅಪ್‌ಡೇಟ್: ಮಳೆಗಾಲದಲ್ಲಿ ಮೊಣಕಾಲು ನೋವಿಗೆ ವ್ಯಾಯಾಮ, ಆರು ತಿಂಗಳ ಬಳಿಕ

ಮೊಣಕಾಲಿನ ಕೀಲುಸವೆತ ಮತ್ತು ರಕ್ತದೊತ್ತಡ ಎರಡೂ ಇರುವ ನಾನು, ಮಡಿಕೇರಿಯ ಬಿಡದ ಮಳೆಯಲ್ಲಿ ನಡಿಗೆ ನಿಂತುಹೋದಾಗ ಏನು ಮಾಡಬೇಕೆಂದು ಜೂನ್‌ನಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನಿಮ್ಮ ಸಲಹೆಯಂತೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡೆ. ಅವರು ಹೇಳಿಕೊಟ್ಟಂತೆ ಕುರ್ಚಿಯಲ್ಲಿ ಕುಳಿತು, ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿದು, ಐದು ಎಣಿಸಿ ನಿಧಾನವಾಗಿ ಇಳಿಸುವುದನ್ನು ಪ್ರತಿ ಕಾಲಿಗೆ 10 ಬಾರಿ, ದಿನಕ್ಕೆ ಎರಡು ಹೊತ್ತು ಮಾಡತೊಡಗಿದೆ. ಸವೆದ ಮೃದ್ವಸ್ಥಿ ಇದರಿಂದ ಮತ್ತೆ ಬೆಳೆಯುವುದಿಲ್ಲವಾದರೂ, ಆ ಸ್ನಾಯು ಬಲಗೊಂಡಷ್ಟೂ ಕೀಲಿಗೆ ಆಸರೆ ಹೆಚ್ಚುತ್ತದೆ ಎಂದು ಅವರು ವಿವರಿಸಿದ ಮೇಲೆ, ನೋವಿರುವ ಕಾಲನ್ನು ಅಲುಗಿಸಲೇಬಾರದು ಎಂಬ ನನ್ನ ಹಳೆಯ ಭಯ ಹೋಯಿತು. ಮೊದಲ ವಾರ ಹುರುಪಿನಲ್ಲಿ ಅತಿಯಾಗಿ ಮಾಡಿದ್ದರಿಂದ ಮೊಣಕಾಲು ಊದಿತು. ಎಣಿಕೆಯನ್ನು ಅರ್ಧಕ್ಕಿಳಿಸಿ ಮತ್ತೆ ಏರಿಸಬೇಕಾಯಿತು.

ಮಲಗುವ ಮುನ್ನ, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ, ಒಂದೊಂದೇ ಸ್ನಾಯುವನ್ನು ಬಿಗಿದು ಸಡಿಲಿಸುವ ಕ್ರಮವನ್ನು ಪಾದದಿಂದ ಹಣೆಯವರೆಗೆ ಅನುಸರಿಸುತ್ತೇನೆ. ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದ ಒಂದು ರಾತ್ರಿ, ದಿನವಿಡೀ ದವಡೆಯನ್ನು ಕಚ್ಚಿಹಿಡಿದಿರುತ್ತೇನೆಂಬುದು ಮೊದಲ ಬಾರಿಗೆ ನನ್ನ ಅರಿವಿಗೆ ಬಂತು. ನಿದ್ದೆ ಸುಧಾರಿಸಿದೆ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ನಿಲ್ಲಿಸಿಲ್ಲ. ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಮಳೆ ನಿಂತ ಮೇಲೆ ವಾರಕ್ಕೆ ಆರು ದಿನ, 25 ನಿಮಿಷ ರಾಜಾಸೀಟ್ ಕಡೆಗೆ ನಡೆಯುತ್ತಿದ್ದೇನೆ. ಏರು ಹತ್ತುವುದು ಈಗ ಸಲೀಸು. ಕಾಫಿ ತೋಟದ ಇಳಿಜಾರಿನಲ್ಲಿ ಇಳಿಯುವಾಗ ಇನ್ನೂ ಕೋಲು ಬೇಕು.